ಸಾಸೇಜು ಶುದ್ಧೀಕರಣ

ನನ್ನ ಎರಡು ಕಿಡ್ನಿಗಳೂ ಅರ್ಧ ದಿನದ ಕೆಲಸಕ್ಕೆ ಇಳಿದು ಎರಡು ವರ್ಷವಾಯಿತು. ಸೋಮಾರಿತನ ಅವುಗಳದ್ದು, ಶಿಕ್ಷೆ ಮಾತ್ರ ನನ್ನ ನಾಲಿಗೆಗೆ. ನನ್ನ ಪ್ರಾಣಕ್ಕೆ ಪ್ರಾಣವಾದ ಸಾಸೇಜಂತೂ ಪೂರ್ತಿ ಬಂದ್. ಅದರಲ್ಲಿ ಉಪ್ಪೂ ಜಾಸ್ತಿ, ಕೆಡದ ಹಾಗೆ ಹಾಕುವ ಫಾಸ್ಫೇಟೂ ಜಾಸ್ತಿ ಎಂದು ಡಾಕ್ಟರು ಒಂದೇ ಸಲ ಹೇಳಿದ್ದು. ನನ್ನ ಹೆಂಡತಿ ದಿನಕ್ಕೆ ಮೂರು ಸಲ ಹೇಳುತ್ತಾಳೆ (ಊಟದ ನಂತರ, ಮಾತ್ರೆಯ ಜೊತೆ).

ಅದೇ ಡಾಕ್ಟರು ಆಲೂಗಡ್ಡೆಗೆ ಮಾತ್ರ ಒಂದು ರಿಯಾಯಿತಿ ಕೊಟ್ಟಿದ್ದರು. ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಬಸಿದುಬಿಟ್ಟರೆ ಕಿಡ್ನಿಗೆ ಆಗದ ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತದೆ, ಆಗ ತಿನ್ನಬಹುದಂತೆ. ಆಲೂಗಡ್ಡೆಗೆ ಸಿಕ್ಕ ಮೋಕ್ಷ ಸಾಸೇಜಿಗೇಕೆ ಸಿಗಬಾರದು? ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಸಹಾಯಕನಾಗಿದ್ದವನು ನಾನು. ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಆರು ಸಾಸೇಜು ತಂದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಎರಡು ಗಂಟೆ ನೆನೆಸಿ, ಅದೇ ನೀರಿನಲ್ಲಿ ಚೆನ್ನಾಗಿ ಕುದಿಸಿ ಬಸಿದೆ. ಪ್ರಯೋಗದ ಫಲ ಬರೆದುಕೊಳ್ಳುವವರೆಗೆ ಬಸಿದ ದ್ರವವನ್ನು ಚೆಲ್ಲಬಾರದು ಎಂಬುದು ಲ್ಯಾಬಿನ ನಿಯಮ. ಪಾತ್ರೆಗೆ ಮುಚ್ಚಳ ಮುಚ್ಚಿ, ‘ಚೆಲ್ಲಬಾರದು’ ಎಂದು ಚೀಟಿ ಅಂಟಿಸಿದೆ.

ಆಮೇಲೆ ತಿಂದೆ. ಲ್ಯಾಬಿನ ರಬ್ಬರ್ ಕೊಳವೆಗೆ ಇದಕ್ಕಿಂತ ರುಚಿ ಇದ್ದೀತು. ಆದರೂ ಶಾಸ್ತ್ರಶುದ್ಧವಾಗಿ ತಿಂದೆನೆಂಬ ಹೆಮ್ಮೆಯಲ್ಲಿ ಕಣ್ಣು ಮುಚ್ಚಿದವನಿಗೆ ಗಡದ್ದು ನಿದ್ದೆ.

ಸಂಜೆ ಹೆಂಡತಿಯೇ ಎಬ್ಬಿಸಿ ಸೂಪು ಕೊಟ್ಟಳು. ಒಂದು ಗುಟುಕು ಕುಡಿದೆ. ಎರಡು ವರ್ಷದಿಂದ ಬಿಸಿನೀರಿಗೂ ಅವಳ ಸೂಪಿಗೂ ಬಣ್ಣದ್ದಷ್ಟೇ ವ್ಯತ್ಯಾಸ. ಇದೋ, ಅಮೃತ! ಬಟ್ಟಲು ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚಿದೆ.

“ತುಂಬಾ ಚೆನ್ನಾಗಿದೆ ಕಣೆ, ಏನು ಹಾಕಿದ್ದೀಯೆ ಇದಕ್ಕೆ?”

“ನಾನೇನೂ ಹಾಕಿಲ್ಲಪ್ಪ. ನೀವೇ ತರಕಾರಿ ಬೇಯಿಸಿ ನೀರು ತೆಗೆದಿಟ್ಟಿದ್ರಲ್ಲ, ಚೀಟಿ ಬೇರೆ ಅಂಟಿಸಿ, ಅದರಲ್ಲೇ ಮಾಡಿದೆ. ನನಗೋಸ್ಕರ ಇಷ್ಟು ವರ್ಷಕ್ಕೆ ಒಂದು ದಿನ ಒಲೆ ಹಚ್ಚಿದ್ರಲ್ಲ ಅಂತ ಖುಷಿಯಾಯ್ತು.”

ಎರಡನೆಯ ಬಟ್ಟಲು ಅರ್ಧಕ್ಕೇ ನಿಂತಿತು. ಸಾಸೇಜಿನಿಂದ ಉಚ್ಚಾಟಿಸಿದ ಉಪ್ಪೆಲ್ಲ ಈಗ ನನ್ನ ಹೊಟ್ಟೆಯಲ್ಲಿತ್ತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಕಿಡ್ನಿ. ನಿಜಕ್ಕೂ ಹೆದರಿದೆ. ಎಲ್ಲ ಒಪ್ಪಿಕೊಂಡೆ.

ಬೈಯುವುದು ಬಿಟ್ಟು ಅವಳು ಮೊದಲು ಡಾಕ್ಟರಿಗೆ ಫೋನು ಮಾಡಿದಳು. “ಅದೆಷ್ಟು ಬೇಯಿಸಿದ್ರೂ ಸಾಸೇಜು ಆಲೂಗಡ್ಡೆ ಆಗಲ್ಲ ಅಂತ ಹೇಳಿ ಅವರಿಗೆ. ಬೆಳಿಗ್ಗೆನೇ ರಕ್ತಪರೀಕ್ಷೆಗೆ ಕರ್ಕೊಂಡು ಬನ್ನಿ” ಎಂದರು ಅವರು. ಫೋನಿಟ್ಟವಳ ಕಣ್ಣು ತುಂಬಿತ್ತು.

“ಎರಡು ವರ್ಷದಲ್ಲಿ ಇವತ್ತೇ ನೀವು ನನ್ನ ಸೂಪು ಚೆನ್ನಾಗಿದೆ ಅಂದಿದ್ದು. ಅದೂ ಸುಳ್ಳಾಯ್ತು.”

ನನ್ನ ಎದೆ ಕರಗಿಹೋಯಿತು. “ಹುಚ್ಚಿ, ನಿನ್ನ ಉಪ್ಪಿಲ್ಲದ ಸೂಪೇ ನನಗೆ ಇಷ್ಟ ಕಣೆ. ಹೇಳಿರಲಿಲ್ಲ ಅಷ್ಟೆ.”

“ನಿಜವಾಗ್ಲೂ?”

“ನಿನ್ನಾಣೆ.”

ರಕ್ತಪರೀಕ್ಷೆಯಲ್ಲಿ ಹೇಗೋ ಬಚಾವಾದೆ. ಆಣೆಯಿಂದ ಮಾತ್ರ ಬಚಾವಾಗಲಿಲ್ಲ. ಇವರಿಗೆ ಇಷ್ಟ ಎಂದು ಅವಳೀಗ ಬೆಳಗಿನ ತಿಂಡಿಗೂ ಅದೇ ಸೂಪು ಮಾಡುತ್ತಿದ್ದಾಳೆ, ಎದುರಿಗೇ ಕೂತು ನನ್ನ ಮುಖ ನೋಡುತ್ತಾಳೆ, ನಾನು ಚಮಚ ಚಮಚಕ್ಕೂ ತಲೆದೂಗುತ್ತೇನೆ.