ಸೇತುವೆ ಬಂದರೆ ಕಾಲೆತ್ತುವ ಮಾವ

ನನ್ನ ಜನ್ಮದಲ್ಲಿ ಅತಿ ದುಬಾರಿಯಾಗಿ ಬಿದ್ದ ಸಾರಾಯಿ ಪ್ಯಾಕೆಟ್ಟನ್ನು ನಾನೂ ಕುಡಿಯಲಿಲ್ಲ, ನಮ್ಮ ಮಾವನೂ ಕುಡಿಯಲಿಲ್ಲ. ಅಂಗಡಿಯಲ್ಲಿ ಅದಕ್ಕೆ ಒಂದು ಮಸಾಲೆದೋಸೆಯ ಬೆಲೆ. ನನಗೆ ಬಿದ್ದದ್ದು ಪಾರ್ಕಿನವರ ದಂಡ, ಎರಡು ಟಿಕೆಟ್ಟು, ಜೊತೆಗೆ ಇವತ್ತಿಗೂ ಸರಿಹೋಗದ ಎದೆಬಡಿತ. ಯಾಕೆ ಅಂತೀರಾ? ಹರವೆಯಲ್ಲಿರುವ ನಮ್ಮ ಸೋದರಮಾವನಿಗೆ ನೀರು ಕಂಡರೆ ಭಯ. ಅಷ್ಟೇ!

ಭಯ ಅಂದರೆ ನಿಮ್ಮ ನಮ್ಮಂಥವರ ಭಯವಲ್ಲ. ಆತ ಸ್ನಾನಕ್ಕೆ ಕೂರುವುದೇ ಬಚ್ಚಲ ಬಾಗಿಲು ತೆರೆದಿಟ್ಟು. ಓಡಲು ದಾರಿ ಬೇಕಲ್ಲ! ನಂಜನಗೂಡಿನ ಸೇತುವೆ ಬಂತೆಂದರೆ ಬಸ್ಸಿನೊಳಗೇ ಎರಡೂ ಕಾಲು ಸೀಟಿನ ಮೇಲೆತ್ತಿ ಕಣ್ಣು ಮುಚ್ಚಿಬಿಡುತ್ತಿದ್ದ. ಒಮ್ಮೆ ಕಂಡಕ್ಟರು, "ಯಜಮಾನ್ರೇ, ಕಾಲಿಳಿಸಿ, ಸೀಟು ಗಲೀಜಾಯ್ತದೆ" ಅಂದ. ಮಾವ ಕಣ್ಣು ಬಿಡದೆ, "ಒಳೆ ದಾಟ್ಲಿ, ನಾನೇ ಒರೆಸ್ಕೊಡ್ತೀನಿ ಕಣಪ್ಪ" ಅಂದ. ದಾಟಿದ ಮೇಲೆ ನಿಜಕ್ಕೂ ಟವಲಿನಲ್ಲಿ ಒರೆಸಿಕೊಟ್ಟ!

ನಮ್ಮ ಕಡೆ ಬಾವಿಯ ಹೂಳೆತ್ತಲು ಇಳಿಯುವ ಮುಂಚೆ, ನೀರು ಕಾಯುವ ದೇವರು ಮುನಿಯಪ್ಪನ ಹೆಸರಿನಲ್ಲಿ ದಡಕ್ಕೆ ಒಂದಿಷ್ಟು ಸಾರಾಯಿ ಸುರಿಯುವ ಪದ್ಧತಿಯಿದೆ. ಉಳಿದವರು ವರ್ಷಕ್ಕೊಮ್ಮೆ ಮಾಡಿ ಮರೆಯುತ್ತಾರೆ. ನಮ್ಮ ಮಾವನೋ, ಕೆರೆ, ಕಾಲುವೆ, ಕೊನೆಗೆ ಪಂಪ್‌ಸೆಟ್ಟಿನ ತೊಟ್ಟಿಯನ್ನೂ ಬಿಟ್ಟವನಲ್ಲ. ಮನೆಯ ಮಕ್ಕಳು ನೀರಿಗಿಳಿದರೆ ಸಾಕು, ಪ್ಯಾಕೆಟ್ಟು ಹರಿಯುತ್ತಿತ್ತು. ನಾಲಿಗೆಗೆ ಹನಿ ಸೋಕಿಸಿದವನಲ್ಲ. ಆದರೂ ಸಾರಾಯಿ ಅಂಗಡಿಯವನ ಲೆಕ್ಕದಲ್ಲಿ ಊರಿಗೇ ದೊಡ್ಡ ಕುಡುಕ!

ಇಂಥವನನ್ನು ನೀರಾಟದ ಪಾರ್ಕಿಗೆ ಯಾರಾದರೂ ಕರೆದೊಯ್ಯುತ್ತಾರೆಯೇ? ನಾನು ಕರೆಯಲಿಲ್ಲ ಸ್ವಾಮಿ, ಆತನೇ ಬಂದ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಆಚೆ ಅಂಥದ್ದೊಂದು ಪಾರ್ಕು ಶುರುವಾಗಿತ್ತು. ಮೇಲಿನಿಂದ ಜಾರಿ ಕೊಳಕ್ಕೆ ಬೀಳುವ ಕೊಳವೆಯ ಚಿತ್ರವನ್ನು ನನ್ನ ಮಗಳು ಯಾವುದೋ ಪೇಪರಿನಲ್ಲಿ ನೋಡಿ, ಕತ್ತರಿಸಿ, ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಗುಂಡ್ಲುಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡಿ ಮೇಲೆ ಬಂದವನು ನಾನು. ಮನೆಮಂದಿಯನ್ನೆಲ್ಲ ಕರೆದೊಯ್ಯಲು ಟೆಂಪೋದವನನ್ನು ಬಗ್ಗಿಸಿ, ಪಾರ್ಕಿನವರಿಗೆ ಫೋನು ಮಾಡಿ ಗುಂಪಿನ ರೇಟನ್ನೂ ಇಳಿಸಿದ್ದೆ. ಹೊರಡುವ ಬೆಳಿಗ್ಗೆ ನೋಡಿದರೆ ಮಾವ ರುಮಾಲು ಸುತ್ತಿ ಟೆಂಪೋದ ಮುಂದೆ ನಿಂತಿದ್ದಾನೆ! "ಮಗೀನ ನೀರ್ಗೆ ಬುಡೋಕೆ ಓಯ್ತಿದ್ದೀಯ, ನಾನಿಲ್ದೆ?"

ಪಾರ್ಕಿನ ಗೇಟಿನಲ್ಲಿ ಬೋರ್ಡಿತ್ತು: "ಇದು ಕುಟುಂಬಗಳ ಜಾಗ. ಮದ್ಯ ಕುಡಿದವರಿಗೆ ಪ್ರವೇಶವಿಲ್ಲ. ಒಬ್ಬರು ಸಿಕ್ಕಿಬಿದ್ದರೂ ಇಡೀ ಗುಂಪು ಹೊರಗೆ." ಓದಿ ತಿರುಗಿದೆ. ಮಾವ ರುಮಾಲನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ. ಪಕ್ಕಕ್ಕೆ ಎಳೆದುಕೊಂಡೆ.

"ಏನು ಮಾವ ತಲೇಲಿ?"

"ಮುನಿಯಪ್ಪಂದು ಕಣ್ಲಾ."

"ಅಯ್ಯೋ, ಟೆಂಪೋದಲ್ಲಿ ಇಟ್ಟು ಬಾ! ನಮ್ಮನ್ನೆಲ್ಲ ಓಡಿಸ್ತಾರೆ, ಮಗು ಅತ್ಕೊಂಡು ಸಾಯ್ತದೆ!"

"ಕೊಡ್ದೇನೇ ಇಳಿಸ್ತೀಯಾ? ಈ ನೀರು ಎಂತಾದ್ದೋ ಏನೋ, ಗುರ್ತಿಲ್ಲ ಪರಿಚಯ ಇಲ್ಲ!"

ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದೇಬಿಟ್ಟ. ಚಿತ್ರಾನ್ನದ ಡಬ್ಬಿ ತೆರೆಸಿದ, ಮಜ್ಜಿಗೆಯನ್ನು ಮೂಸಿದ, ನನ್ನ ಜೇಬು ತಡವಿದ. ಹಿರಿಯರ ತಲೆಗೆ ಕೈಹಾಕುವುದುಂಟೇ? ಮಾವನಿಗೆ ನಮಸ್ಕಾರ ಹೇಳಿ ಒಳಗೆ ಬಿಟ್ಟ!

ಒಳಗೆ ಮಗಳು ಕೊಳವೆಯ ಮೆಟ್ಟಿಲು ಹತ್ತುತ್ತಿದ್ದಳು. ನಾನು ಒಂದು ಕ್ಷಣ ಅವಳತ್ತ ಕೈಬೀಸಿದೆ, ಕೆಟ್ಟೆ! ಮಾವ ಪ್ಯಾಕೆಟ್ಟಿನ ಮೂಲೆ ಹರಿದು, ಕೊಳದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಭಕ್ತಿಯಿಂದ ಸುರಿದೇಬಿಟ್ಟ. ಗಮ್ಮೆಂದು ವಾಸನೆ! ಪೀಪಿ ಊದುತ್ತ ಸೆಕ್ಯೂರಿಟಿ ಓಡಿಬಂದ, ಹಿಂದೆಯೇ ಮ್ಯಾನೇಜರು.

"ಎಲ್ಲಿ, ಊದಿ!" ಮಾವ ಊದಿದ. ಎಲೆ ಅಡಿಕೆ ಘಮಘಮ. ನನ್ನ ಕೈಲೂ ಊದಿಸಿದರು, ಹೊರಗಿದ್ದ ಟೆಂಪೋ ಡ್ರೈವರನ್ನೂ ಕರೆಸಿ ಊದಿಸಿದರು. ಎಲ್ಲರೂ ಶುದ್ಧ. ಬೆವರುತ್ತಿದ್ದರೂ ನನ್ನ ವ್ಯಾಪಾರದ ಬುದ್ಧಿ ಹೋಗಿರಲಿಲ್ಲ. "ಸಾರ್, ಕುಡಿದವರು ಹೊರಗೆ ಅಂತ ನಿಮ್ಮ ಬೋರ್ಡು ಹೇಳ್ತದೆ. ನಮ್ಮ ಮಾವ ಕುಡಿದಿಲ್ಲ. ಕುಡಿದದ್ದು ನಿಮ್ಮ ಕೊಳ. ಹಾಕೋದಾದ್ರೆ ಅದನ್ನ ಹೊರಗೆ ಹಾಕಿ!"

ಮ್ಯಾನೇಜರು ನಗು ನುಂಗಿಕೊಂಡರು. ಮಾತಿಗೆ ಮಾತು ಬೆಳೆದು ವ್ಯವಹಾರ ಕುದುರಿತು: ಹೆಂಗಸರು ಮಕ್ಕಳು ಒಳಗೆ, ದಂಡ ಕಟ್ಟಿ ನಾನೂ ಮಾವನೂ ಹೊರಗೆ.

ಮಾವ ಕೈಮುಗಿದ. "ಓಯ್ತೀನಿ ಸ್ವಾಮಿ. ಆ ಮಗಿ ಇಳ್ದುಬುಡ್ಲಿ, ಒಂದ್ ಗಳಿಗೆ."

ಮೇಲೆ ಸಾಲಿನಲ್ಲಿ ಕಾದಿದ್ದ ಮಗಳು ಕೊಳವೆಯಿಂದ ಸುಯ್ಯೆಂದು ಬಂದು ಬಿದ್ದಳು, ಮುಳುಗಿದಳು. ಉಸಿರು ಎಳೆಯುವಷ್ಟು ಹೊತ್ತು, ಅಷ್ಟೇ. ನಾನು ಇನ್ನೂ ನಿಂತೇ ಇದ್ದೆ. ಸೇತುವೆಯ ಮೇಲೆ ಕಾಲೆತ್ತುವ ಆ ಮನುಷ್ಯ ಆಗಲೇ ಸೊಂಟಮಟ್ಟ ನೀರಿನಲ್ಲಿದ್ದ! ಪಂಚೆ ತೇಲುತ್ತಿತ್ತು. ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗಡಗಡ ನಡುಗುತ್ತಿದ್ದ.

"ಬುಡು ತಾತ, ಎಲ್ರೂ ನೋಡ್ತವ್ರೆ!" ಅಂದಳು ಮಗಳು.

ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಕೂತೆವು. ಪಂಚೆ ಹಿಂಡುತ್ತ ಮಾವ ಹೇಳಿದ, "ನನ್ ಬೆನ್ನಿಗೆ ಹುಟ್ಟಿದೋಳು ಒಬ್ಳಿದ್ಲು ಕಣ್ಲಾ. ನಿಮ್ಮವ್ವ ಯೋಳಿಲ್ವಾ? ಬಾವಿಗೆ ಬಿದ್ಲು. ನಾನು ದಡದಲ್ಲೇ ಇದ್ದೆ, ಸಣ್ಣವನು. ಇಳ್ಯೋಕೆ ಕಾಲೇ ಬರ್ನಿಲ್ಲ."

ನಮ್ಮವ್ವ ಯಾವತ್ತೂ ಹೇಳಿರಲಿಲ್ಲ.

ಸಂಜೆ ವಾಪಸ್ಸು ಬರುವಾಗ ನಂಜನಗೂಡಿನ ಸೇತುವೆ ಬಂತು. ಮಾವ ಕಾಲೆತ್ತಿದ. ನಾನೂ ಎತ್ತಿದೆ. ಆತ ಒಂದು ಕಣ್ಣು ಬಿಟ್ಟು ನೋಡಿ, "ಇನ್ನೂ ಮೇಲಕ್ಕೆ ಕಣ್ಲಾ" ಅಂದ.

ಅದಕ್ಕೇ ಹೇಳುತ್ತೇನೆ ಕೇಳಿ. ಇಂಥ ಪಾರ್ಕಿಗೆ ಹೊರಟರೆ ರೇಟು ಮೊದಲೇ ಮಾತಾಡಿಕೊಳ್ಳಿ, ಬೋರ್ಡು ಪೂರ್ತಿ ಓದಿ. ಜೊತೆಯಲ್ಲಿ ನೀರಿಗೆ ಹೆದರುವ ಹಿರಿಯರಿದ್ದರೆ ಅವರ ಪ್ಯಾಕೆಟ್ಟನ್ನು ಕಸಿಯಬೇಡಿ. ಗೇಟಿನ ಹೊರಗಿನ ಮರದ ಬುಡಕ್ಕೇ ಸುರಿಸಿ, ಆಮೇಲೆ ಕೈಹಿಡಿದು ಒಳಗೆ ಕರೆದೊಯ್ಯಿರಿ. ಬರುವ ದಾರಿಯಲ್ಲಿ ಸೇತುವೆ ಸಿಕ್ಕಿದರೆ ನೀವೂ ಕಾಲೆತ್ತಿ. ಎತ್ತುವುದಾದರೆ ಪೂರ್ತಿ ಎತ್ತಿ. ಅರ್ಧ ಎತ್ತಿದರೆ ಅವರಿಗೆ ಗೊತ್ತಾಗುತ್ತದೆ.