ಬುಂದಿಯ ಸೂಜಿಮದ್ದು ಸಾಂಗ್ಲಿಗೆ ಹೊರಟಿದ್ದು

ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಆ ಹೊತ್ತಿಗೆ ಸರಿಯಾಗಿ ನಮ್ಮ ನಾಯಿಮರಿ ಬುಂದಿ ಗೇಟಿನ ಕೆಳಗೆ ತೂರಿ ಬೀದಿಗಿಳಿದು, ಅಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದ ಒಂದು ಕಂದು ನಾಯಿಯ ಮೂಗಿಗೆ ತನ್ನ ಮೂಗು ತಾಗಿಸಿದಳು. ತಾಗಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಾನು ಮಾತ್ರ ಅದನ್ನು ಇಂದಿಗೂ ನೋಡುತ್ತಲೇ ಇದ್ದೇನೆ. ಹಲ್ಲುಜ್ಜುವಾಗ ನೋಡುತ್ತೇನೆ, ರೊಟ್ಟಿ ತಟ್ಟುವಾಗ ನೋಡುತ್ತೇನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವುದು ನನ್ನ ಕೆಲಸ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದರೆ, ಅದರ ಮೇಲಿಂದ ಬುಂದಿ ಜಾರಿಕೊಂಡು ಹೋಗಿ ಕಂದು ನಾಯಿಯ ಮುಂದೆ ನಿಲ್ಲುತ್ತಾಳೆ.

ಮೂಗಿಗೆ ಮೂಗು ತಾಗಿದರೆ ಪ್ರಪಂಚವೇನು ಮುಳುಗುತ್ತದೆ ಎಂದು ನೀವು ಕೇಳಬಹುದು. ಬುಂದಿಗೆ ಇನ್ನೂ ಒಂದು ಸೂಜಿಯೂ ಆಗಿರಲಿಲ್ಲ. ತೆಲಸಂಗದ ನೆಂಟರ ಮನೆಯಿಂದ ಅವಳನ್ನು ತಂದ ದಿನವೇ ದನದ ದವಾಖಾನೆಯ ಡಾಕ್ಟರು ಹೇಳಿದ್ದರು: "ಮರಿಗೆ ಎಲ್ಲಾ ಸೂಜಿ ಮುಗಿಯೂತನಕ ಬೀದಿ ನೆಲಾ ತೋರಸಬ್ಯಾಡ್ರಿ. ಪಾರ್ವೊ ಅಂತ ಒಂದು ರೋಗ ಐತಿ. ವಾಂತಿ, ಭೇದಿ. ಸಣ್ಣ ಮರಿಗೆ ಹತ್ತಿದ್ರ ಉಳಿಯೂದು ಕಠಿಣ." ನಾನು ಗಂಭೀರವಾಗಿ ತಲೆಯಾಡಿಸಿದೆ. ಓದಿದವರು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಗೇಟಿನ ಕೆಳಗಿನ ಸಂದಿಯನ್ನು ಮಾತ್ರ ಮುಚ್ಚುವುದಿಲ್ಲ.

ಹಾಗಾದರೆ ಸೂಜಿ ಏಕೆ ಹಾಕಿಸಿರಲಿಲ್ಲ? ದಿನ ಸಿಕ್ಕಿರಲಿಲ್ಲ. ನಮ್ಮೂರು ಐನಾಪುರದಲ್ಲಿ ಮದುವೆಗೆ ದಿನ ಸಿಗುತ್ತದೆ, ನಾಯಿಗೆ ಸಿಗುವುದಿಲ್ಲ. ಪರೀಕ್ಷೆಯ ಮೇಲ್ವಿಚಾರಣೆ ಇದ್ದ ದಿನ ನನಗಾಗದು. ಡಾಕ್ಟರು ಹಳ್ಳಿಗಳಿಗೆ ಹೋಗಿ ಎಮ್ಮೆಗಳಿಗೆ ಕಾಲುಬಾಯಿ ರೋಗದ ಸೂಜಿ ಹಾಕುವ ದಿನ ಅವರಿಗಾಗದು. ತೋಟದಲ್ಲಿ ದ್ರಾಕ್ಷಿ ಕಟಾವು ನಡೆದ ದಿನ ನಮ್ಮ ಯಜಮಾನರಿಗೆ ತಮಗೊಬ್ಬ ಹೆಂಡತಿ ಇದ್ದಾಳೆಂಬುದೇ ನೆನಪಿರದು, ನಾಯಿ ದೂರದ ಮಾತು. ಇಷ್ಟೆಲ್ಲ ಹೊಂದಿಸಿದರೆ ಉಳಿದ ದಿನಕ್ಕೆ ನಮ್ಮತ್ತೆ ಅಡ್ಡ. ಮನೆಮಂದಿಯೆಲ್ಲ ಅವರನ್ನು ಆಯಿ ಎನ್ನುತ್ತೇವೆ. ನಾವು ಜೈನರು; ಅಷ್ಟಮಿ, ಚತುರ್ದಶಿ ಬಂದರೆ ಆಯಿ ಹಸಿರು ಸೊಪ್ಪು ಹೆಚ್ಚುವುದಿಲ್ಲ, ಬಟ್ಟೆ ಕುಕ್ಕುವುದಿಲ್ಲ. "ಪರ್ವದ ದಿನ ಸೊಪ್ಪಿಗೇ ಚಾಕು ತಾಗಸೂದಿಲ್ಲ ನಾವು. ಆ ಕೂಸಿಗೆ ಸೂಜಿ ಚುಚ್ಚತಿ? ಪಾಪ ಯಾರಿಗೆ, ನಿನಗೋ ಡಾಕ್ಟರಗೋ?"

ನಾಯಿಯ ಮದ್ದು ನಮ್ಮೂರ ಔಷಧ ಅಂಗಡಿಯಲ್ಲಿ ಸಿಗದು, ಮಿರಜಿನಿಂದ ತರಿಸಬೇಕು. ಕಡೆಗೂ ಚತುರ್ದಶಿ ಕಳೆದ ಮೇಲಿನ ಒಂದು ದಿನ ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ಮದ್ದು ಚತುರ್ದಶಿಯ ಮುನ್ನಾದಿನವೇ ಥರ್ಮಾಸಿನಲ್ಲಿ ಬಂದು ಕುಳಿತಿತು. ಅದನ್ನು ತಣ್ಣಗಿಡಬೇಕು, ಹೆಪ್ಪುಗಟ್ಟಬಾರದು. ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದೆ, ಆಯಿ ಅಡ್ಡ ನಿಂತರು. "ಬಸದಿಗೆ ಒಯ್ಯೂ ಹಾಲು ಐತಿ ಅದರಾಗ. ನಾಯಿ ಔಷಧ ಇಟ್ಟೀಗಿಟ್ಟೀ!"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಯಜಮಾನರ ಚಿಕ್ಕಪ್ಪನ ಮಗ ಭರತ ಊರ ಹೊರಗಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾನೆ. ಊರಿನ ಒಣದ್ರಾಕ್ಷಿಯೆಲ್ಲ ಬಾಕ್ಸುಗಳಲ್ಲಿ ಅಲ್ಲೇ ತಣ್ಣಗೆ ಮಲಗಿರುತ್ತದೆ. ಮದ್ದಿಗೆ ಬೇಕಾದ್ದೂ ಅಷ್ಟೇ ತಂಪು. ಇರುವ ಸಂಪನ್ಮೂಲದ ಸದ್ಬಳಕೆ ಎಂದು ಯಜಮಾನರಿಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಅವರು ಮದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಮ್ಮದೇ ಒಂದು ಬಾಕ್ಸಿನ ಒಣದ್ರಾಕ್ಷಿಯ ನಡುವೆ ಹುಗಿದು, ಗುರುತಿಗೆ ಮೇಲೊಂದು ಕೆಂಪು ದಾರ ಕಟ್ಟಿ ಬಂದರು. ಅಷ್ಟು ಸುರಕ್ಷಿತವಾಗಿ ನಾವು ನಮ್ಮ ಮದುವೆಯ ಒಡವೆಯನ್ನೂ ಇಟ್ಟವರಲ್ಲ.

ಮರುದಿನ, ಅಂದರೆ ಚತುರ್ದಶಿಯಂದು, ಆ ಮೂಗಿನ ಘಟನೆ. ನಾನು ಕಿರುಚಿದ ರಭಸಕ್ಕೆ ಕಂದು ನಾಯಿ ಎದ್ದು ಓಡಿತು. ಬುಂದಿಯನ್ನು ಎತ್ತಿಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. "ಈಗ ಹಾಕಿದ್ರ ಪೂರಾ ಖಾತ್ರಿ ಕೊಡಾಕ ಆಗೂದಿಲ್ರಿ. ಆದ್ರ ಇನ್ನೊಂದು ದಿನಾನೂ ತಡಾ ಮಾಡಬ್ಯಾಡ್ರಿ. ನಾ ಕಾಗವಾಡದಾಗ ಒಂದು ಎಮ್ಮಿ ಈಯ್ಸಾಕ ಬಂದೀನಿ, ಇಲ್ಲೇ ತರ್ರಿ" ಎಂದರು. ನಾನು ಆಯಿಯ ಮುಖ ನೋಡಿದೆ. ಆಯಿ ಬುಂದಿಯ ಮುಖ ನೋಡಿದರು. ಬುಂದಿ ಆಯಿಯ ಸೆರಗು ಜಗಿಯುತ್ತಿದ್ದಳು.

"ಚತುರ್ದಶಿ ತಿಂಗಳಿಗೆ ಎರಡ ಸಲ ಬರ್ತೈತಿ. ಈ ಕೂಸು ಎಲ್ಲಿಂದ ಬರಬೇಕು ಮತ್ತ? ನಡೀರಿ, ಗಾಡಿ ತಗೀರಿ!" ಎಂದು ಆಯಿ ತಾವೇ ಚಪ್ಪಲಿ ಮೆಟ್ಟಿದರು.

ಯಜಮಾನರ ಹಳೆಯ ಕಾರಿನಲ್ಲಿ ಕೋಲ್ಡ್ ಸ್ಟೋರೇಜ್ ಮುಟ್ಟಿದರೆ ಭರತ ಹಲ್ಲು ಕಿರಿದು ಸ್ವಾಗತಿಸಿದ. "ವೈನಿ, ಪೇಢೆ ತಂದೀರೇನು? ನಿಮ್ಮ ಮಾಲಿಗೆ ಛಲೋ ದರ ಬರ್ತೈತಿ ನೋಡ್ರಿ. ಸಾಂಗ್ಲಿ ಸವಾಲಿಗೆ ಈಗರ ಟೆಂಪೋದಾಗ ಲೋಡ್ ಮಾಡಿ ಕಳಿಸೀನಿ."

"ಎಲ್ಲಾನೂ?" ಎಂದರು ಯಜಮಾನರು.

"ಒಂದೂ ಬಿಟ್ಟಿಲ್ಲಣ್ಣ!"

ಹೀಗೆ ಬುಂದಿಯ ಜೀವ ಸಾಂಗ್ಲಿಯ ಹರಾಜಿಗೆ ಹೊರಟಿತ್ತು. ಮುಂದಿನದನ್ನು ನೆನೆದರೆ ಈಗಲೂ ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಮ್ಮ ಕಾರು ಹಾವಿನಂತೆ ಹರಿಯಿತು. ಹಿಂದಿನ ಸೀಟಿನಲ್ಲಿ ಆಯಿ ಬುಂದಿಯ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳುತ್ತ, ನಡುನಡುವೆ "ಏ, ಹಾರ್ನ್ ಒತ್ತೋ ಮಬ್ಬ!" ಎಂದು ಮಗನಿಗೂ ಹೇಳುತ್ತಿದ್ದರು. ಬುಂದಿಗೆ ಮಾತ್ರ ಇದು ಹುಟ್ಟಿದಾಗಿನಿಂದ ಕಂಡ ಅತ್ಯಂತ ಆನಂದದ ದಿನ. ಕಿಟಕಿಯ ಗಾಳಿಗೆ ಕಿವಿ ಹಾರಿಸಿಕೊಂಡು ಕುಳಿತಿದ್ದಳು.

ಚಹಾ ಎಂಬುದೊಂದು ಇಲ್ಲದಿದ್ದರೆ ಆ ಟೆಂಪೋ ನಮಗೆ ಸಿಗುತ್ತಿರಲಿಲ್ಲ. ಕಾಗವಾಡದ ಒಂದು ಹೋಟೆಲಿನ ಮುಂದೆ ಅದು ನಿಂತಿತ್ತು. ಚಾಲಕ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ. ಯಜಮಾನರು ಸೀದಾ ಟೆಂಪೋ ಹತ್ತಿದರು. "ಅಹೋ, ಕಾಯ್ ಪಾಹಿಜೆ?" ಎಂದು ಚಾಲಕ ಮರಾಠಿಯಲ್ಲಿ ಕೂಗಿದ, ಏನು ಬೇಕು ಎಂದು. ನಾನು ಉಸಿರು ಕಟ್ಟಿ "ಇಂಜೆಕ್ಷನ್!" ಎಂದೆ. ಅವನು ಬಸಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಕೆಂಪು ದಾರ ಹುಡುಕಿದರೆ, ಭರತ ಎಲ್ಲ ಬಾಕ್ಸುಗಳಿಗೂ ಅಚ್ಚುಕಟ್ಟಾಗಿ ಕೆಂಪು ದಾರ ಕಟ್ಟಿಸಿದ್ದ. ನಮ್ಮ ದಾರ ಕಂಡು ಅದೇ ಈ ವರ್ಷದ ಪದ್ಧತಿ ಎಂದುಕೊಂಡನಂತೆ! ಸರಿ, ಒಂದೊಂದೇ ಬಾಕ್ಸು ಇಳಿಸಿ ಬಿಚ್ಚಿ ಕೈ ಹಾಕುವುದೊಂದೇ ದಾರಿ. ಚಹಾ ಕುಡಿಯುವವರೆಲ್ಲ ಸುತ್ತ ನೆರೆದರು. "ಬಂಗಾರ ಹುಗದಾರಂತ" ಎಂದನೊಬ್ಬ. ಆ ಮಾತು ಕೇಳಿದ್ದೇ ತಡ, ಸಹಾಯಕ್ಕೆ ಜನ ಮುಗಿಬಿದ್ದರು. ಮೊಣಕೈವರೆಗೆ ಒಣದ್ರಾಕ್ಷಿಯಲ್ಲಿ ಮುಳುಗಿ ಹುಡುಕುತ್ತ, ಬಾಯಿ ತುಂಬ ಅದನ್ನೇ ತುಂಬಿಕೊಂಡು "ಇಲ್ಲಿ ಇಲ್ರೀ" ಎಂದು ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದರು. ಯಾರೋ ಪುಣ್ಯಾತ್ಮ ಒಂದು ಹಿಡಿಯನ್ನು ಬುಂದಿಯ ಬಾಯಿಗೆ ಒಡ್ಡಿದ. ಒಣದ್ರಾಕ್ಷಿ ನಾಯಿಗೆ ವಿಷ ಎಂದು ನಾನು ಎಲ್ಲೋ ಓದಿದ್ದೆ. ಹಾರಿ ಅವನ ಕೈಗೆ ಹೊಡೆದೆ. "ಎಂಥಾ ಜಿಪುಣಿ ಅದಾಳೋ ಮಾರಾಯ!" ಎಂದನವ. ಅಷ್ಟರಲ್ಲಿ ಆಯಿ, "ಸಿಕ್ತು!" ಎಂದು ಮದ್ದಿನ ಪೊಟ್ಟಣವನ್ನು ಎತ್ತಿ ಹಿಡಿದರು. ಬಂಗಾರವಲ್ಲ ಎಂದು ತಿಳಿದ ಜನ ನಿಟ್ಟುಸಿರಿಟ್ಟು ಚಹಾಕ್ಕೆ ಮರಳಿದರು.

ಡಾಕ್ಟರು ಕೊಟ್ಟಿಗೆಯಲ್ಲಿ ಎಮ್ಮೆಯ ಕರುವನ್ನು ಒರೆಸುತ್ತಿದ್ದರು. ಮದ್ದನ್ನು ಕೆನ್ನೆಗೆ ಒತ್ತಿ ನೋಡಿ, "ತಣ್ಣಗೇ ಐತಿ. ಒಣದ್ರಾಕ್ಷಿ ಛಲೋ ಕಾಪಾಡ್ಯಾವು" ಎಂದು ಕೈ ತೊಳೆದು ಬಂದು ಚುಚ್ಚಿದರು. ಬುಂದಿ ಕುಂಯ್ ಎನ್ನಲೂ ಇಲ್ಲ. ಕುಂಯ್ ಎಂದವಳು ನಾನು. ಹೊತ್ತು ಮುಳುಗಿತ್ತು, ಇನ್ನು ಆಯಿ ಊಟ ಮಾಡುವಂತಿರಲಿಲ್ಲ. "ಇರ್ಲಿ, ಬುಂದಿ ಹೆಸರಲೆ ಒಂದು ಉಪಾಸ" ಎಂದು ಕಾರು ಹತ್ತಿದರು.

"ಒಂದು ವಾರ ನಿಗಾ ಇಡ್ರಿ" ಎಂದಿದ್ದರು ಡಾಕ್ಟರು. ಒಂದು ವಾರ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬುಂದಿ ಸೀನಿದರೆ ಮೂವರೂ ಏಳುತ್ತಿದ್ದೆವು. ಸೀನದಿದ್ದರೆ ನಾನೊಬ್ಬಳು ಏಳುತ್ತಿದ್ದೆ. ವಾರದ ಕೊನೆಗೆ ಡಾಕ್ಟರು ಅವಳ ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿ, "ಗಟ್ಟಿ ಅದಾಳ್ರಿ. ಇನ್ನ ನೀವು ಸ್ವಲ್ಪ ಮಲಕ್ಕೋರಿ" ಎಂದರು. ಕಂದು ನಾಯಿಯ ವಿಚಾರವೂ ಅಂದೇ ತಿಳಿಯಿತು: ಪಕ್ಕದ ಓಣಿಯ ಮದುವೆ ಮನೆಯಲ್ಲಿ ಉಳಿದ ಶ್ರೀಖಂಡದ ಪಾತ್ರೆ ಪೂರ್ತಿ ನೆಕ್ಕಿ ಹೊಟ್ಟೆ ಕೆಡಿಸಿಕೊಂಡಿತ್ತಂತೆ. ಈಗ ಮತ್ತೊಂದು ಮದುವೆಯ ಬಾಗಿಲು ಕಾಯುತ್ತಿದೆಯಂತೆ.

ಆ ರಾತ್ರಿ ನಾವೆಲ್ಲ ಹಾಸಿಗೆಗೆ ಬಿದ್ದವರು ಬೆಳಗಿನವರೆಗೆ ಮಿಸುಕಲಿಲ್ಲ. ಎಚ್ಚರವಾದಾಗ ಬಿಸಿಲು ಕಿಟಕಿಯಲ್ಲಿತ್ತು, ಮನೆ ನಿಶ್ಶಬ್ದವಾಗಿತ್ತು. ಇಷ್ಟು ನಿಶ್ಶಬ್ದವೇ? ಓಡಿ ಹೋಗಿ ನೋಡಿದರೆ ಬುಂದಿ ಆಯಿಯ ಮಗ್ಗುಲಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದಿದ್ದಳು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಹಿಡಿದು ಅಲುಗಾಡಿಸಿದೆ. ಅವಳು ಬೆಚ್ಚಿ ಬೊಗಳಿದಳು, ಯಜಮಾನರು ಮಂಚದಿಂದ ಕೆಳಗೆ ಬಿದ್ದರು, ಆಯಿ ಎದ್ದು ಕುಳಿತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಯಿ ನೆಟ್ಟಗೈತಿ. ಡಾಕ್ಟರಿಗೆ ಫೋನ್ ಹಚ್ಚು, ನಿನಗೇನರ ಸೂಜಿ ಐತೇನು ಕೇಳೂಣು."