ಬಾಗಿಲಲ್ಲೇ ಗುಣವಾಗುವ ಆಪ್ತಸಮಾಲೋಚನಾ ಕೇಂದ್ರ

ಟ್ಯಾಮರಾಕ್ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರದಲ್ಲಿ ಸರದಿಗಾಗಿ ಕಾಯುವವರು ಒಬ್ಬರೂ ಇಲ್ಲವೆಂದು ಈ ಮೂಲಕ ಸಮಸ್ತ ವಿದ್ಯಾರ್ಥಿಗಳ ಗಮನಕ್ಕೆ ತರಲಾಗಿದೆ. ಅಮೆರಿಕದ ಉತ್ತರ ಮಿನ್ನೆಸೋಟಾದ ಆ ಚಳಿಯಲ್ಲಿ ಸಾವಿರಾರು ಮಕ್ಕಳಿಗೆ ಇರುವವನು ವೆಂಡೆಲ್ ಎಂಬ ಒಬ್ಬನೇ ಆಪ್ತಸಮಾಲೋಚಕ. ಆದರೂ ಸಾಲು ಖಾಲಿ. ಬೇರೆ ವಿಶ್ವವಿದ್ಯಾಲಯದವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋಗಿದ್ದಾರೆ.

ಸಿಗ್ನಿ ಹಾಲ್ವರ್ಸನ್ ಎರಡನೇ ವರ್ಷದ ಹುಡುಗಿ. ಅಕ್ಟೋಬರಿನಲ್ಲಿ ಅವಳ ಅಪ್ಪ ತೀರಿಕೊಂಡ. ಆ ದಿನ ಬೆಳಿಗ್ಗೆ ಅವನು ಫೋನ್ ಮಾಡಿದ್ದ. ಇವಳು "ಆಮೇಲೆ ಮಾತಾಡ್ತೀನಿ ಅಪ್ಪಾ" ಅಂತ ಕಟ್ ಮಾಡಿದ್ದಳು. ಅಂದಿನಿಂದ ನಿದ್ದೆಯಿಲ್ಲ, ಕ್ಲಾಸಿನಲ್ಲಿ ಕೂತರೂ ಒಂದಕ್ಷರ ತಲೆಗೆ ಹತ್ತುವುದಿಲ್ಲ. ಅಮ್ಮನಿಗೆ ಹೇಳೋಣವೆಂದರೆ, ಪಾಪ, ಅವಳೇ ಅರ್ಧ ಜೀವವಾಗಿದ್ದಾಳೆ. ಈ ಒಂದು ಮಾತನ್ನು ಯಾರ ಹತ್ತಿರವಾದರೂ ಹೇಳಿಕೊಂಡು ಜೋರಾಗಿ ಅತ್ತುಬಿಡಬೇಕು, ಅಷ್ಟೇ ಸಿಗ್ನಿಯ ಆಸೆ.

ಕೇಂದ್ರದ ಮುಂಬಾಗಿಲಲ್ಲಿ ಡಾರ್ಲೀನ್ ಎಂಬ ಹಿರಿಯ ಹೆಂಗಸು ಕೂತಿರುತ್ತಾಳೆ. ಬಲು ಒಳ್ಳೆಯವಳು.

"ಬಾರಮ್ಮಾ, ಹಿಮ ಒದರ್ಕೊಂಡು ಒಳಗೆ ಬಾ. ಹೇಗಿದ್ದೀಯಾ?"

"ಚೆನ್ನಾಗಿದ್ದೀನಿ ಆಂಟಿ. ನೀವು?"

ಮುಗಿಯಿತು. ಕೇಂದ್ರದ ಏಳನೆಯ ನಿಯಮದ ಪ್ರಕಾರ, ತಾನು ಚೆನ್ನಾಗಿರುವುದಾಗಿ ಸ್ವಂತ ಬಾಯಿಂದ ಹೇಳಿದ ವಿದ್ಯಾರ್ಥಿಯನ್ನು ಗುಣಹೊಂದಿದ ವ್ಯಕ್ತಿಯೆಂದು ಪರಿಗಣಿಸತಕ್ಕದ್ದು. ಡಾರ್ಲೀನ್ ಕಂಪ್ಯೂಟರಿನ ಗುಂಡಿಯೊಂದನ್ನು ಒತ್ತಿ ಸಿಗ್ನಿಯನ್ನು ಗುಣಪಡಿಸಿದಳು.

ಮಿನ್ನೆಸೋಟಾದವರ ಸಮಾಚಾರ ಗೊತ್ತೇ ಇದೆಯಲ್ಲ. ಕಾಲು ಮುರಿದುಕೊಂಡು ಹಿಮದಲ್ಲಿ ಬಿದ್ದಿದ್ದರೂ "ಪರವಾಗಿಲ್ಲ, ನೀವು ಹೇಗಿದ್ದೀರಿ?" ಅನ್ನುವ ಜನ. ಅಪ್ಪನನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ, ತಟ್ಟೆ ತುಂಬ ಹಾಟ್‌ಡಿಶ್ ಎಂಬ ಅಲ್ಲಿನ ಬಿಸಿ ಅಡುಗೆ ಹಾಕಿಸಿಕೊಂಡು ನಿಂತು ಸಿಗ್ನಿ ಬಂದವರಿಗೆಲ್ಲ ಹೇಳಿದ್ದೂ ಅದನ್ನೇ. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ಬೆಳೆಸಿದ ಹುಡುಗಿ.

ಮುಂದಿನ ವಾರ ಹೋದಳು, ಗುಣವಾಯಿತು. ಅದರ ಮುಂದಿನ ವಾರವೂ ಗುಣವಾಯಿತು. ಮತ್ತೊಂದು ಸಲ ದಾರಿಯುದ್ದಕ್ಕೂ "ಚೆನ್ನಾಗಿಲ್ಲ, ಚೆನ್ನಾಗಿಲ್ಲ" ಎಂದು ಬಾಯಿಪಾಠ ಮಾಡಿಕೊಂಡೇ ಹೋದಳು. ಡಾರ್ಲೀನ್ ಮುಖ ತುಂಬ ನಕ್ಕು, "ಏನಮ್ಮಾ, ಆರಾಮಾ?" ಅಂದಳು. ಅಯ್ಯೋ, ಪ್ರಶ್ನೆಯೇ ಬದಲು! "ಹೂಂ, ಆರಾಮ" ಅಂದುಬಿಟ್ಟಳು.

ಒಬ್ಬಳೇ ವಿದ್ಯಾರ್ಥಿನಿ ಇಷ್ಟೊಂದು ಸಲ ಗುಣವಾದದ್ದು ಕೇಂದ್ರದ ಚರಿತ್ರೆಯಲ್ಲೇ ಇರಲಿಲ್ಲ. ಕ್ಷೇಮಪಾಲನಾ ಡೀನ್ ಪ್ರೆಸ್ಕಾಟ್ ಅವಳನ್ನು ಕರೆಸಿದರು.

"ಭೇಷ್! ಇವತ್ತಿಂದ ನೀನು ನಮ್ಮ ಕೇಳುಗ ಸ್ವಯಂಸೇವಕಿ. ಉಳಿದ ಮಕ್ಕಳ ಕಷ್ಟ ಕೇಳು."

"ಸರ್, ನಂಗೇ ಒಂಚೂರು ವೆಂಡೆಲ್ ಸರ್ ಹತ್ರ ಮಾತಾಡ್ಬೇಕಿತ್ತು. ಯಾರ್ಗೂ ತೊಂದ್ರೆ ಇಲ್ಲ ಅಂದ್ರೆ..."

"ತೊಂದ್ರೆ ಏನ್ ಬಂತು? ಅವನ ಹತ್ರ ಒಂದು ಗಂಟೆ ತರಬೇತಿ ಕಡ್ಡಾಯ!"

ಸಿಗ್ನಿಗೆ ಹೋದ ಜೀವ ಬಂದಂತಾಯಿತು. ವೆಂಡೆಲ್‌ನ ಕೋಣೆಗೆ ಓಡಿದಳು. ಮೆತ್ತನೆಯ ಕುರ್ಚಿಯಲ್ಲಿ ಕೂತು ಉಸಿರೆಳೆದುಕೊಂಡು, "ಸರ್, ನಮ್ಮಪ್ಪ..." ಎಂದು ಶುರುಮಾಡಿದಳು.

"ತಾಳಮ್ಮಾ. ಇದು ಕೇಳೋ ತರಬೇತಿ. ನನ್ನನ್ನೇ ವಿದ್ಯಾರ್ಥಿ ಅಂದ್ಕೊಂಡು ಶುರುಮಾಡು."

"ಹೇಗಿದ್ದೀರಿ ಸರ್?"

ವೆಂಡೆಲ್ ನ್ಯೂಜೆರ್ಸಿಯವನು. ಕೇಳಿದ್ದಕ್ಕೆ ಉತ್ತರ ಕೊಡುವ ಜಾತಿ.

"ಹೇಗಿರ್ತೀನಿ? ಸತ್ತು ಸುಣ್ಣ ಆಗಿದೀನಿ! ಈ ಚಳಿಗಾಲ ಪೂರ್ತಿ ಒಂದು ನರಪಿಳ್ಳೆ ಈ ಕೋಣೆಗೆ ಬಂದಿಲ್ಲ. ಎಲ್ಲಾ ಬಾಗಿಲಲ್ಲೇ ಗುಣ ಆಗ್ಬಿಡ್ತಾರೆ. ಬೆಳಗಿಂದ ಸಂಜೆವರೆಗೆ ಗೋಡೆ ನೋಡ್ಕೊಂಡು ಕೂತಿರ್ತೀನಿ. ನಾನ್ಯಾಕೆ ಇದ್ದೀನಿ ಅನ್ನೋದೇ ಮರೆತ್ಹೋಗಿದೆ ಕಣಮ್ಮಾ!"

ಹೇಳುತ್ತಾ ಹೇಳುತ್ತಾ ಗೊಳೋ ಎಂದು ಅತ್ತ. ಸಿಗ್ನಿ ಟಿಶ್ಯೂ ಪೆಟ್ಟಿಗೆಯನ್ನು ಅವನತ್ತ ಸರಿಸಿದಳು. ನಡುವೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲವೆಂದು ಕೊನೆಯವರೆಗೂ ಕೇಳಿಸಿಕೊಂಡಳು. ಗಂಟೆ ಮುಗಿಯಿತು.

"ಎಷ್ಟು ಹಗುರಾಯ್ತು ಗೊತ್ತಾ! ಮುಂದಿನ ವಾರ ಬರ್ತೀಯಲ್ಲಾ?"

"ಆಗ್ಲಿ ಸರ್."

ಆಪ್ತಸಮಾಲೋಚಕರ ಕೋಣೆಯಲ್ಲಿ ಪೂರ್ತಿ ಒಂದು ಗಂಟೆ ಕಳೆದದ್ದರಿಂದ ಸಿಗ್ನಿಯ ಚಿಕಿತ್ಸೆ ನಿಯಮಾನುಸಾರ ಸಂಪೂರ್ಣಗೊಂಡಿತು. ಇನ್ನು ಪ್ರತಿ ಗುರುವಾರ ಸದರಿ ಗಂಟೆಯನ್ನು ವೆಂಡೆಲ್‌ಗಾಗಿ ಕಾಯ್ದಿರಿಸಲಾಗಿದೆ, ವಿದ್ಯಾರ್ಥಿಗಳು ಬಂದು ಅಡಚಣೆ ಮಾಡಕೂಡದು ಎಂದು ಪ್ರಕಟಣೆಯೂ ಹೊರಟಿತು. ವಿದ್ಯಾರ್ಥಿಗಳು ಒಪ್ಪಿದರು, ಅಡಚಣೆ ಮಾಡುವುದು ಅವರಿಗೂ ಇಷ್ಟವಿರಲಿಲ್ಲ.

ಗುರುವಾರಗಳಂದು ವೆಂಡೆಲ್ ಮಾತಾಡುತ್ತಿದ್ದಾಗ ಸಿಗ್ನಿಯ ಕಣ್ಣಿಂದಲೂ ದಳದಳನೆ ನೀರು ಇಳಿಯುತ್ತಿತ್ತು. ಕೇಳುಗರಿಗೆ ಇರಬೇಕಾದ ಅತ್ಯುತ್ತಮ ಗುಣ ಇದೇ ಎಂದು ಡೀನ್ ಮೆಚ್ಚಿ, ತುಂಬಿದ ಸಭೆಯಲ್ಲಿ ಅವಳಿಗೆ ಪದಕ ಹಾಕಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿಗ್ನಿಯೂ ತಟ್ಟಿದಳು.